ಎಡಗೈಗೆ ಕಾಲಂ ಇರಲಿಲ್ಲ

ಮೊನ್ನೆ ಮಗಳ ಶಾಲೆಯಿಂದ ಮೊಬೈಲಿಗೆ ಒಂದು ಫಾರಂ ಬಂತು. ಮಕ್ಕಳನ್ನು ಪ್ರವಾಸಕ್ಕೆ ಕಳಿಸಲು ತಂದೆತಾಯಿಯ ಒಪ್ಪಿಗೆ ಪತ್ರ. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲವನ್ನೂ ಒಲೆಯ ಮೇಲಿನ ಹಾಲು ಉಕ್ಕುವಷ್ಟರೊಳಗೆ ತುಂಬಿಬಿಟ್ಟೆ. ಕಡೆಯಲ್ಲಿ ‘ಬೇರೆ ಏನಾದರೂ ತಿಳಿಸುವುದಿದ್ದರೆ’ ಎಂಬ ಉದ್ದನೆಯ ಖಾಲಿ ಜಾಗ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಮಗಳು ಬಗ್ಗಿ ನೋಡಿ, “ಅಮ್ಮಾ, ಅಲ್ಲೇನೂ ಬರೀಬೇಡ. ಅದನ್ನ ಯಾರೂ ಚದವರು” ಎಂದಳು. ಓದುವುದಿಲ್ಲ ಎನ್ನಲು ಅವಳ ಬಾಯಿಗೆ ತೆಲುಗಿನ ಮಾತೇ ಮೊದಲು ಬರುತ್ತದೆ. ವಿಜಯವಾಡದಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಬಸ್ಸು ಬದಲಿಸುತ್ತದೆ. ಆ ಜಾಗವನ್ನು ಓದದೆ ಬಿಡುವವರು ಹೇಗಿರುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಹಾಗೆಯೇ ಇರುತ್ತಾರೆ.

ಫಾರಂ ತುಂಬುವುದು ನನಗೆ ಚಿಕ್ಕಂದಿನ ಚಟ. ಗದಗಿನಲ್ಲಿ ನಮ್ಮಪ್ಪ ಹೈಸ್ಕೂಲಿನ ಗುಮಾಸ್ತರಾಗಿದ್ದರು. ಜೂನ್ ಬಂತೆಂದರೆ ಪ್ರವೇಶದ ಫಾರಂಗಳ ಕಟ್ಟು ಮನೆಗೇ ಬರುತ್ತಿತ್ತು, ಅದರ ಹಿಂದೆಯೇ ಓಣಿಯ ಜನ. ಅಪ್ಪ ಪಡಸಾಲೆಯಲ್ಲಿ ಕೂತು ಹೆಸರು, ಜನ್ಮದಿನಾಂಕ ಬರೆದು ಫಾರಂ ನನ್ನತ್ತ ತಳ್ಳುವರು. ‘ಗುರುತಿನ ಚಿಹ್ನೆ’ ಎಂಬ ಕಾಲಂ ನನ್ನ ಪಾಲಿನದು. ಬಂದ ಹುಡುಗರನ್ನು ಬೆಳಕಿಗೆ ತಿರುಗಿಸಿ, ಕುತ್ತಿಗೆ, ಮೊಣಕೈ, ಕಿವಿಯ ಹಿಂದೆ ಎಲ್ಲ ಮಚ್ಚೆ ಹುಡುಕಿ ಬರೆಯುತ್ತಿದ್ದೆ. ಸಿಗದಿದ್ದರೆ? ಖಾಲಿ ಬಿಡುವ ಮಾತೇ ಇಲ್ಲ. ಒಂದು ವರ್ಷ ಅಪ್ಪ ಫಾರಂಗಳನ್ನೆಲ್ಲ ಮುಂದಿಟ್ಟುಕೊಂಡು ನನ್ನನ್ನು ಕರೆದರು.

“ಇದೇನವಾ ಸರೋಜಾ, ಈ ವರ್ಷ ಇಷ್ಟೂ ಹುಡುಗ್ರಿಗೆ ಬಲಗಲ್ಲದ ಮ್ಯಾಲೇ ಮಚ್ಚಿ ಎದ್ದಾವಲ್ಲ?”

“ಖಾಲಿ ಬಿಟ್ರ ಛಂದ ಕಾಣೂದಿಲ್ಲಪ್ಪಾ, ಅದಕ್ಕ ಬರದೆ.”

ಅಪ್ಪ ಬೈಯಲಿಲ್ಲ. ರಬ್ಬರು ಕೊಟ್ಟು ಕೂರಿಸಿದರು. ಅಷ್ಟೂ ಮಚ್ಚೆಗಳನ್ನು ಅಳಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಆದರೂ ಬುದ್ಧಿ ಬಂತೆಂದು ಹೇಳಲಾರೆ. ಖಾಲಿ ಬಿಟ್ಟ ಕಾಲಂ, ಕಾಲಂ ದಾಟಿ ಹೊರಗೆ ಹರಿದ ಬರಹ, ಎರಡನ್ನು ಕಂಡರೂ ಇವತ್ತಿಗೂ ಕಣ್ಣಲ್ಲಿ ಕಸ ಬಿದ್ದ ಹಾಗಾಗುತ್ತದೆ.

ಇಂಥವಳು ಮದುವೆಯಾಗಿ ಹೋದದ್ದು ಅಳತೆಯ ಮನೆಗೆ. ಹೈದರಾಬಾದಿನಲ್ಲಿ ಕಂಪ್ಯೂಟರ್ ತರಬೇತಿಗೆ ಹೋದಾಗ ಪರಿಚಯವಾದ ನಮ್ಮ ಯಜಮಾನರದು ವಿಜಯವಾಡದ ತೆಲುಗು ಕುಟುಂಬ. ಗವರ್ನರ್‌ಪೇಟೆಯ ಒಂದು ಸಂದಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಹೊಲಿಗೆ ಅಂಗಡಿ. ಸೈನ್ಯದವರ, ನೌಕಾಪಡೆಯವರ ಯೂನಿಫಾರಂ ಬಿಟ್ಟು ಬೇರೇನನ್ನೂ ಹೊಲಿಯುವುದಿಲ್ಲ. ಅದನ್ನು ಕಟ್ಟಿದವರು ನಮ್ಮ ಮಾವ, ಕಟಿಂಗ್ ಮಾಸ್ಟರ್. ಹದಿಹರೆಯದಲ್ಲಿ ಬಳ್ಳಾರಿಯ ಒಬ್ಬ ಮೇಷ್ಟ್ರ ಹತ್ತಿರ ಕೆಲಸ ಕಲಿತವರಾದ್ದರಿಂದ ಅವರಿಗೆ ಕನ್ನಡ ಬರುತ್ತದೆ. ಮದುವೆಯಾದ ಹೊಸದರಲ್ಲಿ, ಊರಿನ ಭವಾನಿಪುರ ಬಡಾವಣೆಯ ಅವರ ಮನೆಯಲ್ಲಿ ಎಲ್ಲರೂ ತೆಲುಗಿನಲ್ಲಿ ನಗುವಾಗ ನಾನು ಅರ್ಥವಾಗದೆ ಎರಡು ಗಳಿಗೆ ತಡವಾಗಿ ನಗುತ್ತಿದ್ದೆ. ಆಗ ಮಾವ ಒಬ್ಬರೇ ಊಟದ ತಟ್ಟೆಯಿಂದ ತಲೆಯೆತ್ತದೆ, “ಬೇಳೆ ಪಪ್ಪಿಗೆ ಉಪ್ಪು ಕಮ್ಮಿ ಐತೆ ಅಂತ ನಗ್ತಾವ್ರೆ, ನೀನು ನಗಬೇಡ, ಮಾಡಿದವಳು ನೀನೇ” ಎನ್ನುತ್ತಿದ್ದರು.

ಮೂವತ್ತು ವರ್ಷ ಮಾವ ತಿಂಗಳಿಗೊಮ್ಮೆ ವಿಶಾಖಪಟ್ಟಣಕ್ಕೆ ಹೋಗಿ ಬಂದವರು. ಅಲ್ಲಿ ಬಂದರಿನ ಹತ್ತಿರ ಒಂದು ಲಾಡ್ಜಿನಲ್ಲಿ ಎರಡು ದಿನ ಇಳಿದು, ಬಂದ ನಾವಿಕರ, ಅಧಿಕಾರಿಗಳ ಅಳತೆ ತೆಗೆದುಕೊಂಡು ಮರಳುವರು. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಸಮುದ್ರಕ್ಕೆ ಕಾಲು ತೋಯಿಸಿದ್ದೀರಾ ಎಂದು ಕೇಳಿದರೆ, “ಸಮುದ್ರಕ್ಕೇನಮ್ಮಾ, ಅದಕ್ಕೆ ಯೂನಿಫಾರಂ ಬೇಕಾ?” ಎಂದರು. ಆಮೇಲೆ ಅವರ ಬಲ ಮಂಡಿ ಕೈಕೊಟ್ಟಿತು. ರೈಲು ಹತ್ತಿ ಇಳಿಯುವುದು ಕಷ್ಟವಾಯಿತು. ವಿಶಾಖಪಟ್ಟಣದ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳತೊಡಗಿದಾಗ ಯಜಮಾನರು ನನ್ನತ್ತ ನೋಡಿದರು. ನಾನು ಕಾಯುತ್ತಿದ್ದದ್ದೂ ಅದಕ್ಕೇ. ಒಂದು ವಾರ ಕೂತು ಮೊಬೈಲಿನಲ್ಲೇ ಅಳತೆ ತುಂಬಿ ಕಳಿಸುವ ಫಾರಂ ತಯಾರು ಮಾಡಿದೆ. ಕುತ್ತಿಗೆ, ಭುಜ, ಎದೆ, ಸೊಂಟ, ತೋಳು ಎಂದು ಒಟ್ಟು ಇಪ್ಪತ್ಮೂರು ಕಾಲಂ. ಪ್ರತಿಯೊಂದಕ್ಕೂ ಟೇಪು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ತೋರಿಸುವ ಚಿತ್ರ. ಅದರಲ್ಲಿ ಬನಿಯನ್ ತೊಟ್ಟು ನಿಂತಿರುವವರು ನಮ್ಮ ಯಜಮಾನರೇ. ಎಲ್ಲದರ ಕೆಳಗೆ, ಬಿಡಬಾರದಲ್ಲ ಎಂದು, ‘ವಿಶೇಷ ಸೂಚನೆ’ ಎಂದೊಂದು ಜಾಗ.

ಫಾರಂಗಳು ಬರತೊಡಗಿದವು. ಒಬ್ಬ ಅಧಿಕಾರಿಗೆ ತೊಂಬತ್ತಾರು ಇಂಚಿನ ಎದೆ ಇತ್ತು, ಸೆಂಟಿಮೀಟರಿನಲ್ಲಿ ತುಂಬಿದ್ದರು. ಇನ್ನೊಬ್ಬರು ಕುತ್ತಿಗೆಯ ಕಾಲಂನಲ್ಲಿ ತಮ್ಮ ಎತ್ತರ ಬರೆದಿದ್ದರು. ಅವನ್ನೆಲ್ಲ ಹಿಡಿದು ಸರಿಪಡಿಸುವುದರಲ್ಲಿ ನನಗೆ ಅದೆಂಥದೋ ಸಂತೋಷ. ಆದರೆ ವಿಶೇಷ ಸೂಚನೆಯ ಜಾಗ ಮಾತ್ರ ತಲೆನೋವು. ‘ದಯವಿಟ್ಟು ಬೇಗ’, ‘ಚೆನ್ನಾಗಿ ಹೊಲಿಯಿರಿ’, ‘ಅಮ್ಮ ಸ್ವಲ್ಪ ಸಡಿಲ ಇರಲಿ ಅಂತಾರೆ, ಆದರೆ ಬೇಡ’. ಕಾಲಂನಿಂದ ಹೊರಗೆ ಹರಿದ ಇಂಥ ಮಾತುಗಳನ್ನು ಒಂದು ತಿಂಗಳು ಓದಿದೆ. ಆಮೇಲೆ ಮಾವನಿಗೆ ಕೊಡುವ ಪ್ರಿಂಟಿನಿಂದ ಆ ಜಾಗವನ್ನೇ ತೆಗೆದುಹಾಕಿದೆ. ಹಾಳೆ ಅಚ್ಚುಕಟ್ಟಾಯಿತು.

ಮಾವ ಕನ್ನಡಕ ಏರಿಸಿ ಆ ಹಾಳೆಯನ್ನು ಜಾತಕದ ಹಾಗೆ ಹಿಡಿದು ನೋಡುವರು. “ಇವನು ನಿಂತ್ಕೊಳ್ಳೋದು ಹೆಂಗಮ್ಮಾ? ಎದೆ ಮುಂದೆ ಮಾಡಿಯೋ, ಬಗ್ಗಿಯೋ?”

“ಅದು ಫಾರಂನ್ಯಾಗ ಇಲ್ರಿ ಮಾವಾರ.”

“ಹೂಂ” ಎಂದು ಕತ್ತರಿ ಎತ್ತಿಕೊಳ್ಳುವರು. ಆ ಹೂಂಕಾರ ನನಗೆ ಹಿಡಿಸುತ್ತಿರಲಿಲ್ಲ. ಹಳೆಯ ಕಾಲದವರು, ಹೊಸದನ್ನು ಒಪ್ಪಲಾರರು ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ವಿಶಾಖಪಟ್ಟಣದಿಂದ ವಂಶಿ ಎಂಬ ಲೆಫ್ಟಿನೆಂಟ್ ಒಬ್ಬರ ಫಾರಂ ಬಂತು. ಮುಚ್ಚಿದ ಕಾಲರಿನ, ಚಿನ್ನದ ಬಣ್ಣದ ಗುಂಡಿಗಳ ಬಿಳಿ ಕೋಟು, ಬಿಳಿ ಪ್ಯಾಂಟು. ಇಪ್ಪತ್ಮೂರು ಕಾಲಮ್ಮೂ ಸರಿಯಾಗಿ, ಕಾಲಿಂಚು ಸಮೇತ ತುಂಬಿತ್ತು. ಫಾರಂ ಎಂದರೆ ಹೀಗಿರಬೇಕು ಎಂದು ಯಜಮಾನರಿಗೂ ತೋರಿಸಿದೆ. ಹೊಲಿದು, ಇಸ್ತ್ರಿ ಮಾಡಿ, ಪಾರ್ಸೆಲ್ ಕಳಿಸಿದೆವು. ನಾಲ್ಕನೆಯ ದಿನ, ಗುರುವಾರ, ಅವರಿಂದ ಮೊಬೈಲಿಗೆ ಮೆಸೇಜ್ ಬಂತು. ‘ಎಡ ತೋಳು ಉದ್ದವಾಗಿದೆ. ನಾನು ವಿಶೇಷ ಸೂಚನೆಯಲ್ಲಿ ಬರೆದಿದ್ದೆ. ಭಾನುವಾರ ನನ್ನ ಮದುವೆಯ ರಿಸೆಪ್ಷನ್.’

ಕಂಪ್ಯೂಟರಿನಲ್ಲಿ ಮೂಲ ಫಾರಂ ತೆಗೆದು ನೋಡಿದೆ. ಬರೆದಿದ್ದರು. ‘ಎಡ ಮೊಣಕೈ ಪೂರ್ತಿ ಚಾಚುವುದಿಲ್ಲ. ಎಡ ತೋಳು ಒಂದೂಮುಕ್ಕಾಲು ಇಂಚು ಕಡಿಮೆ ಇರಲಿ. ದಯವಿಟ್ಟು ಈ ವಿಷಯಕ್ಕೆ ಫೋನ್ ಮಾಡಬೇಡಿ.’

ಇಪ್ಪತ್ಮೂರು ಕಾಲಂ ಮಾಡಿದವಳು ತೋಳಿಗೆ ಒಂದೇ ಕಾಲಂ ಇಟ್ಟಿದ್ದೆ. ಎರಡು ಕೈಯೂ ಒಂದೇ ಸಮ ಇರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಮೊದಲು ಹೊಳೆದದ್ದು ನಾಚಿಕೆಯಲ್ಲ, ಉಪಾಯ. ಅಲ್ಲೇ ಹತ್ತಿರದ ಯಾವುದಾದರೂ ದರ್ಜಿಯಿಂದ ತೋಳು ಚಿಕ್ಕದು ಮಾಡಿಸಿಕೊಳ್ಳಿ, ಖರ್ಚು ನಮ್ಮದು ಎಂದು ಬರೆದೆ. ಕೂಡಲೇ ಉತ್ತರ ಬಂತು. ‘ಬೇಡ. ಪರವಾಗಿಲ್ಲ. ಹೀಗೇ ಹಾಕಿಕೊಳ್ಳುತ್ತೇನೆ.’

ಆ ‘ಪರವಾಗಿಲ್ಲ’ ನನ್ನನ್ನು ಕೂರಲು ಬಿಡಲಿಲ್ಲ. ಮಾವ ಊಟ ಮುಗಿಸಿ ಅಡಿಕೆ ಹಾಕಿಕೊಳ್ಳುವಾಗ ಹೋಗಿ, ಸೂಚನೆಯ ಜಾಗವನ್ನು ಪ್ರಿಂಟಿನಿಂದ ತೆಗೆದದ್ದೂ ಸೇರಿದಂತೆ ಎಲ್ಲವನ್ನೂ ಹೇಳಿದೆ. ಅವರು ಅಡಿಕೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

“ವೈಜಾಗಿಗೆ ಬೆಳಿಗ್ಗೆ ರೈಲು ಎಷ್ಟೊತ್ತಿಗೆ?”

“ಮಾವಾರ, ನಿಮ್ಮ ಮಂಡಿ...”

“ಮಂಡಿ ನಂದು. ತಪ್ಪು ಅಂಗಡೀದು. ಟೈಮ್ ಹೇಳು.”

ಮರುದಿನ ಬೆಳಗ್ಗೆ ಆರಕ್ಕೆ ನಾವಿಬ್ಬರೂ ರೈಲಿನಲ್ಲಿದ್ದೆವು. ಅವರ ಚೀಲದಲ್ಲಿ ಕತ್ತರಿ, ಸೂಜಿದಾರ, ಸೀಮೆಸುಣ್ಣ. ನನ್ನ ಚೀಲದಲ್ಲಿ ಪುಳಿಹೋರದ ಬುತ್ತಿ ಮತ್ತು ಮಂಡಿಗೆ ಹಚ್ಚುವ ಎಣ್ಣೆ. ಗೋದಾವರಿ ಸೇತುವೆ ಬಂದಾಗ ಮಾವ ಕಿಟಕಿಯ ಕಡೆಗೆ ಕೈಮುಗಿದರು. ಸೇತುವೆ ದಾಟಿದ ಮೇಲೆ ಕೇಳಿದರು, “ವೈಜಾಗಿನಲ್ಲಿ ದರ್ಜಿಗಳಿಗೇನು ಬರವಾ? ಅಷ್ಟು ಜನರನ್ನು ಬಿಟ್ಟು ಈ ಹುಡುಗ ನಮ್ಮ ಹತ್ರ ಯಾಕೆ ಬಂದ?”

“ಫಾರಂ ಸುಲಭ ಐತಲ್ರಿ” ಎಂದೆ.

ಮಾವ ಹೂಂ ಎನ್ನಲಿಲ್ಲ. ಹೊರಗೆ ನೋಡುತ್ತ ಕೂತರು.

ಫಾರಂನಲ್ಲಿದ್ದ ವಿಳಾಸ ಹಿಡಿದು ಹೋದೆವು. ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಮಾವ ಒಂದೊಂದೇ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ಉಸಿರು ಬಿಡುತ್ತ ನಿಂತರು. ಬಾಗಿಲು ತೆಗೆದವರು ಇಪ್ಪತ್ತೆಂಟು ಮೂವತ್ತರ ಎತ್ತರದ ಯುವಕ. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅಲ್ಲಿ ನಡೆದ ಮಾತೆಲ್ಲ ತೆಲುಗಿನಲ್ಲಿ. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ, ನಮ್ಮ ‘ರೀ’ಯಂಥ ಅವರ ‘ಅಂಡಿ’ ಒಂದನ್ನು ಬಿಟ್ಟು.

ನಾವು ಯಾರೆಂದು ಹೇಳಿದೆ. ಅವರ ಮುಖ ಬಿಗಿಯಿತು. “ಫೋನ್ ಮಾಡಬೇಡಿ ಅಂತ ಬರೆದಿದ್ದೆನಲ್ಲ ಅಂಡಿ.”

“ಫೋನ್ ಎಲ್ಲಿ ಮಾಡಿದೆವು ಬಾಬೂ” ಎಂದರು ಮಾವ. “ಬಂದೇಬಿಟ್ಟೆವು. ಸ್ವಲ್ಪ ನೀರು ಕೊಡ್ತೀಯಾ? ನಿಮ್ಮ ಮೆಟ್ಟಿಲು ಜಾಸ್ತಿ.”

ಇಷ್ಟು ವಯಸ್ಸಾದವರನ್ನು ಬಾಗಿಲಲ್ಲಿ ನಿಲ್ಲಿಸಲು ಅವರಿಂದ ಆಗಲಿಲ್ಲ. ಒಳಗೆ ಕರೆದರು. ಮಾವ ತಗ್ಗಾದ ಸೋಫಾದ ಮೇಲೆ ಕೂತು, ಬಲಗಾಲನ್ನು ಮುಂದೆ ಚಾಚಿದರು. ಅದು ಅರ್ಧಕ್ಕೇ ನಿಂತಿತು. “ನೋಡು, ಇದೂ ಪೂರ್ತಿ ಚಾಚಲ್ಲ” ಎಂದು ಮಂಡಿ ತಟ್ಟಿಕೊಂಡರು. ನೀರು ಕುಡಿದಾದ ಮೇಲೆ ಏಳಲು ಹೋದರು, ಆಗಲಿಲ್ಲ. ಎರಡು ಕೈಯನ್ನೂ ಮೇಲೆ ಚಾಚಿದರು. ವಂಶಿ ಒಂದು ಕ್ಷಣ ತಡೆದು, ಜೇಬಿನಿಂದ ಎಡಗೈ ತೆಗೆದು, ಎರಡೂ ಕೈ ಕೊಟ್ಟು ಅವರನ್ನು ಎಬ್ಬಿಸಿದರು. ಮಾವ ಬೇಕೆಂದೇ ಹಾಗೆ ಮಾಡಿದರೋ, ನಿಜವಾಗಿ ಏಳಲಾಗಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಸೋಫಾ ತಗ್ಗಿತ್ತು ಎನ್ನುತ್ತಾರೆ.

ಕೋಟು ತೊಡಿಸಿ ನೋಡಿದರು. ಎಡ ತೋಳು ಬೆರಳಿನ ಗೆಣ್ಣಿನವರೆಗೂ ಇಳಿದಿತ್ತು, ಮೊಣಕೈಯಲ್ಲಿ ಬಟ್ಟೆ ಮುದ್ದೆಯಾಗಿತ್ತು. ಮಾವ ನನಗೆ ಕನ್ನಡದಲ್ಲಿ ಹೇಳಿದರು. “ಬರೀ ಕೆಳಗೆ ಮಡಿಚಿದರೆ ಆಗಲ್ಲಮ್ಮಾ. ಕೈ ಯಾವಾಗ್ಲೂ ಮುಂದಕ್ಕೆ ಬಾಗಿರುತ್ತೆ. ತೋಳನ್ನೇ ಭುಜದಿಂದ ಬಿಚ್ಚಿ, ಸ್ವಲ್ಪ ಮುಂದಕ್ಕೆ ತಿರುಗಿಸಿ ಕೂರಿಸಬೇಕು.” ಊಟದ ಮೇಜಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಕೂತರು. ಮೆಷಿನ್ ಇರಲಿಲ್ಲ, ಎಲ್ಲ ಕೈಹೊಲಿಗೆ. ನಾನು ಹೊಲಿಗೆ ಬಿಚ್ಚಿದೆ, ಸೂಜಿ ಪೋಣಿಸಿ ಪೋಣಿಸಿ ಕೊಟ್ಟೆ.

ಆ ಮೂರು ಗಂಟೆ ಸುಮ್ಮನೆ ಕೂರಲಾಗದೆ ವಂಶಿ ಮಾತಾಡಿದರು. ಅವರು ನನ್ನನ್ನು ನೋಡಲಿಲ್ಲ, ಸೂಜಿಯನ್ನೇ ನೋಡುತ್ತಿದ್ದರು.

“ನೌಕಾಪಡೆ ಅಂದ ಕೂಡಲೇ ಜನ ಸಮುದ್ರದಲ್ಲಿ ಆಯ್ತಾ, ಹಡಗಿನಲ್ಲಿ ಆಯ್ತಾ ಅಂತ ಕೇಳ್ತಾರೆ. ನಾನು ಮೊಟ್ಟೆ ತರೋಕೆ ಹೋಗಿದ್ದೆ ಅಂಡಿ. ಮಳೆ ಬಂದು ರಸ್ತೆ ಒದ್ದೆಯಾಗಿತ್ತು, ಬೈಕು ಜಾರಿತು. ಅಷ್ಟೇ.”

ನಗಬಾರದೆಂದು ನಾನು ಕೆಳಗೆ ನೋಡಿದೆ. ಅವರೇ ನಕ್ಕರು.

“ಇಲ್ಲಿಯ ಒಂದು ಅಂಗಡಿಗೆ ಹೋಗಿದ್ದೆ. ಅವರು ಅಳತೆ ತೆಗೆಯುತ್ತ ಆ ಕಡೆ ಬರೆದುಕೊಳ್ಳುವವನಿಗೆ ಕೂಗಿ ಹೇಳಿದರು, ಎಡಗೈ ಸೊಟ್ಟ, ಬರಕೋ ಅಂತ. ಅಂಗಡಿ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ಅವರದೇನೂ ತಪ್ಪಿಲ್ಲ, ಅವರ ಕೆಲಸ. ನಾನು ಅಳತೆ ಅರ್ಧಕ್ಕೆ ಬಿಟ್ಟು ಬಂದೆ. ಆಮೇಲೆ ನಿಮ್ಮ ಫಾರಂ ಸಿಕ್ಕಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಬರೆದರೆ ಸಾಕು. ಅದನ್ನೂ ನಾಲ್ಕು ಸಲ ಬರೆದು ಅಳಿಸಿದೆ.”

ನನ್ನ ಕೈಯಲ್ಲಿದ್ದ ದಾರ ಗಂಟಾಯಿತು. ನಾಲ್ಕು ಸಲ ಅಳಿಸಿ ಐದನೆಯ ಸಲ ಉಳಿಸಿದ ಮಾತು ಅದು. ಹಾಳೆ ಅಚ್ಚುಕಟ್ಟಾಗಲೆಂದು ಅದನ್ನೂ ಅಳಿಸಿದವಳು ನಾನು.

“ತಪ್ಪು ನಂದು” ಎಂದೆ. “ಬರೆದದ್ದನ್ನ ನಾನು ಓದಲಿಲ್ಲ. ಮಾವನಿಗೆ ತೋರಿಸಲೂ ಇಲ್ಲ.” ಗಾಬರಿಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದೆ. ಎಷ್ಟು ಅರ್ಥವಾಯಿತೋ, ತಲೆಯಾಡಿಸಿದರು.

“ಹಾರಿಕಾಗೆ ಎಲ್ಲ ಗೊತ್ತು. ಅವಳಿಗೆ ಇದು ಲೆಕ್ಕವೇ ಅಲ್ಲ” ಎಂದರು. ಹಾರಿಕಾ ಅವರು ಮದುವೆಯಾಗಲಿದ್ದ ಹುಡುಗಿ. “ಆದರೆ ರಿಸೆಪ್ಷನ್‌ನಲ್ಲಿ ಅವಳು ನಿಲ್ಲುವುದು ನನ್ನ ಎಡಕ್ಕಲ್ವಾ? ಫೋಟೋ ಎಲ್ಲ ಈ ಕೈ ಪಕ್ಕದಲ್ಲೇ.”

ಮಾವ ಹಲ್ಲಿನಿಂದ ದಾರ ಕಡಿದು, ಎದ್ದು, ಕೋಟು ತೊಡಿಸಿದರು. ವಂಶಿ ಕನ್ನಡಿಯ ಕಡೆ ಹೊರಟಾಗ ಭುಜ ಹಿಡಿದು ತಿರುಗಿಸಿ, “ಕನ್ನಡಿ ಬೇಡ. ಆ ಬಾಗಿಲಿನಿಂದ ಈ ಬಾಗಿಲಿಗೆ ನಡಿ” ಎಂದರು. ಅವರು ನಡೆದರು. ಮೊದಲು ಬಿಗಿಯಾಗಿ, ಆಮೇಲೆ ತಮ್ಮ ಎಂದಿನ ನಡಿಗೆಯಲ್ಲಿ. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು. ಮೊಣಕೈಯಲ್ಲಿ ಒಂದು ಸುಕ್ಕಿಲ್ಲ. ಕೈ ಬಾಗಿದ್ದು ಕಾಣುತ್ತಿರಲಿಲ್ಲವೆಂದಲ್ಲ, ಕಾಣುತ್ತಿತ್ತು. ಆದರೆ ನಡೆಯುವವರ ಕೈ ಹಾಗೆಯೇ ಇರುತ್ತದಲ್ಲ ಎನಿಸುವಂತಿತ್ತು. ಎರಡು ಮೂರು ಸಲ ಓಡಾಡಿ, ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, “ಒಂದು ಫೋಟೋ ತೆಗೀತೀರಾ? ಈ ಕಡೆಯಿಂದ” ಎಂದು ಎಡಕ್ಕೆ ತೋರಿಸಿದರು.

ಸಂಜೆಯ ರೈಲಿನಲ್ಲಿ ಮಾವನ ಮಂಡಿ ಊದಿಕೊಂಡಿತ್ತು. ಅನಕಾಪಲ್ಲಿ ದಾಟುವವರೆಗೂ ಎಣ್ಣೆ ತಿಕ್ಕುತ್ತ ಕೂತಿದ್ದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಫಾರಂ ತೆಗೆದುಹಾಕು ಎಂದಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

“ಸರೋಜಾ, ನಾನೂ ಹಂಗೇ ಕೂಗ್ತಿದ್ದೆ ಕಣಮ್ಮಾ” ಎಂದರು.

ನನಗೆ ಥಟ್ಟನೆ ಅರ್ಥವಾಗಲಿಲ್ಲ.

“ಐವತ್ತು ವರ್ಷ. ಟೇಪು ಹಿಡಿಯೋದು, ಕೂಗೋದು. ಗೂನು ಭುಜ ಬರಕೋ, ಹೊಟ್ಟೆ ನಲವತ್ತೆರಡು ಬರಕೋ, ಒಂದು ಕಾಲು ಗಿಡ್ಡ ಬರಕೋ. ನಿಂತವನ ಮುಖ ಒಂದಿನಾನೂ ನೋಡಲಿಲ್ಲ. ಈ ಹುಡುಗ ನಮ್ಮ ಅಂಗಡಿ ಮೆಟ್ಟಿಲು ಹತ್ತಿದ್ರೂ ಹಂಗೇ ಇಳಿದು ಹೋಗ್ತಿದ್ದ. ನಿನ್ನ ಫಾರಂಗೆ ಹೇಳ್ದ. ನನಗೆ ಹೇಳ್ತಿರಲಿಲ್ಲ.”

ಸಾಮರ್ಲಕೋಟದಲ್ಲಿ ಚಹಾ ಬಂತು, ಕುಡಿದೆವು.

ಮರುದಿನವೇ ಫಾರಂನಲ್ಲಿ ಕೈಗೆ, ಕಾಲಿಗೆ, ಭುಜಕ್ಕೆ ಎಡ ಬಲ ಎಂದು ಬೇರೆ ಬೇರೆ ಕಾಲಂ ಮಾಡಿದೆ. ಆಮೇಲೆ ಬಂದ ಫಾರಂಗಳನ್ನು ನೋಡಿದರೆ, ಎಡ ಬಲ ಒಂದೇ ಇರುವವರು ಸಿಗುವುದೇ ಅಪರೂಪ. ಒಬ್ಬರಿಗೆ ಕಾಲಿಂಚು, ಒಬ್ಬರಿಗೆ ಅರ್ಧ ಇಂಚು. ಮಾವನಿಗೆ ತೋರಿಸಿದರೆ ನಕ್ಕರು. “ಇದು ನನ್ನನ್ನ ಕೇಳಿದ್ರೆ ಮೊದಲೇ ಹೇಳ್ತಿದ್ನಲ್ಲ.” ಕೇಳಿರಲಿಲ್ಲ, ನಿಜ. ಈಗ ಕೇಳುತ್ತೇನೆ. ಅವರೂ ಅಂಗಡಿಗೆ ಬಂದವರ ಅಳತೆಯನ್ನು ಕೂಗುವುದಿಲ್ಲ. ಒಂದು ಚೀಟಿಯಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಅಕ್ಷರ ಅವರಿಗೇ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಒಂದೂವರೆ ವರ್ಷ ಕಳೆದಿರಬೇಕು. ಮಾವನಿಗೆ ಕಣ್ಣಿನ ಪೊರೆ ತೆಗೆಸಿ ಮನೆಯಲ್ಲಿ ಮಲಗಿಸಿದ್ದೆವು. ಯಜಮಾನರು ಬಟ್ಟೆ ತರಲು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ವಂಶಿ ಮೆಟ್ಟಿಲು ಹತ್ತಿ ಬಂದರು, ಜೊತೆಗೆ ಹಾರಿಕಾ. ಪಕ್ಕದ ಮಂಗಳಗಿರಿಗೆ ಸೀರೆ ಕೊಳ್ಳಲು ಬಂದಿದ್ದರಂತೆ. ಚೀಲದಿಂದ ಆ ಬಿಳಿ ಕೋಟನ್ನು ತೆಗೆದು ಮೇಜಿನ ಮೇಲಿಟ್ಟರು.

“ಎಡ ತೋಳು ಗಿಡ್ಡವಾಗಿದೆ ಅಂಡಿ.”

ಮತ್ತೆ ಏನು ಓದದೆ ಬಿಟ್ಟೆನೋ ಎಂದು ಮನಸ್ಸಿನಲ್ಲೇ ಹುಡುಕತೊಡಗಿದೆ. ಹಾರಿಕಾ ನಗು ತಡೆಯಲಾಗದೆ ಗಂಡನಿಗೆ, “ಗಾಬರಿ ಮಾಡಬೇಡಿ, ಸರಿಯಾಗಿ ಹೇಳಿ ಅವರಿಗೆ” ಎಂದಳು. ಎರಡನೆಯ ಸಲ ಆಪರೇಷನ್ ಆಗಿತ್ತಂತೆ. ಆಮೇಲೆ ಬೆಳಗ್ಗೆ ಸಂಜೆ ವ್ಯಾಯಾಮ, ಹಾರಿಕಾಳೇ ಕೂತು ಮಾಡಿಸಿದ್ದು. ವಂಶಿ ಎಡಗೈಯನ್ನು ನಿಧಾನವಾಗಿ ಮುಂದೆ ಚಾಚಿದರು. ಮೊದಲಿಗಿಂತ ದೂರ ಹೋಯಿತು. ನಿಂತಿತು. “ಮುಕ್ಕಾಲು ಇಂಚು” ಎಂದರು, ಪರೀಕ್ಷೆಯ ಅಂಕ ಹೇಳುವವರ ಹಾಗೆ.

ಸಂತೋಷವಾಯಿತು, ಜೊತೆಗೆ ಸಂಕಟವೂ. ಚಿಕ್ಕದು ಮಾಡಿದ ತೋಳನ್ನು ಉದ್ದ ಮಾಡುವುದು ಹೇಗೆ? ಬಟ್ಟೆ ಕತ್ತರಿಸಿಹೋಗಿರುತ್ತದೆ. ಹೊಸ ಕೋಟೇ ಹೊಲಿಯಬೇಕು ಎಂದು ಹೇಳಲು ಬಾಯಿ ತೆರೆದೆ. ಆದರೂ ಒಮ್ಮೆ ನೋಡೋಣವೆಂದು ತೋಳಿನ ತುದಿಯ ಒಳಬದಿ ತಿರುಗಿಸಿ, ಮಾವನ ಸಣ್ಣ ಸಣ್ಣ ಹೊಲಿಗೆಗಳನ್ನು ಬ್ಲೇಡಿನ ತುದಿಯಿಂದ ಬಿಚ್ಚತೊಡಗಿದೆ. ಒಳಗೆ ಬಟ್ಟೆ ಇತ್ತು. ಒಂದು ಮಡಿಕೆ ಬಿಚ್ಚಿದೆ, ಅದರೊಳಗೆ ಇನ್ನೂ ಇತ್ತು. ಒಂದೂಮುಕ್ಕಾಲು ಇಂಚೂ, ಒಂದು ಎಳೆ ಕತ್ತರಿಸದೆ, ಹೊರಗೆ ದಪ್ಪ ಕಾಣದ ಹಾಗೆ ತಟ್ಟಿ ಮಡಿಚಿ ಇಟ್ಟಿದ್ದರು. ಆ ದಿನ ಮೇಜಿನ ಎದುರಿಗೇ ಕೂತಿದ್ದ ನನಗೆ ಕಂಡಿರಲಿಲ್ಲ, ಅವರೂ ಹೇಳಿರಲಿಲ್ಲ.

ಮುಕ್ಕಾಲು ಇಂಚು ಬಿಟ್ಟು, ಗುಂಡುಸೂಜಿ ಚುಚ್ಚಿ, ತೊಡಿಸಿ ನೋಡಿದೆ. ಸರಿಹೋಯಿತು. ಹೊಲಿಯಲೆಂದು ಕೋಟನ್ನು ಮೆಷಿನ್ನಿನ ಕಡೆಗೆ ಒಯ್ಯುತ್ತಿದ್ದಾಗ ವಂಶಿ ಹಿಂದಿನಿಂದ ಕರೆದರು.

“ಮಿಕ್ಕಿದ ಒಂದಿಂಚನ್ನ ಕತ್ತರಿಸಬೇಡಿ ಅಂಡಿ. ಬೇಕಾಗುತ್ತೆ.”